ಕಾಪಿರೈಟ್ ವರ್ಷ ಸಾಲದೇ?

ಪ್ರಶ್ನೆ: ಮಲ್ಪೆ ಹತ್ತಿರ ನಮ್ಮ ಹೋಮ್‌ಸ್ಟೇ ಇದೆ. ವೆಬ್‌ಸೈಟಿನಲ್ಲಿ ಸೇಂಟ್ ಮೇರೀಸ್ ದ್ವೀಪದ ಬೋಟಿನ ವಿವರವನ್ನೂ ಹಾಕಿದ್ದೇವೆ. ಅಡಿಯಲ್ಲಿ ಕಾಪಿರೈಟ್ ವರ್ಷ ಇದೆಯಲ್ಲ, ಪರಿಷ್ಕರಿಸಿದ ದಿನಾಂಕ ಬೇರೆ ಬೇಕೇ?
– ಓದುಗರು, ಉಡುಪಿ

ಉತ್ತರ: ಬೇಕೇ ಬೇಕು. ಕಾಪಿರೈಟ್ ವರ್ಷ ಎಷ್ಟೋ ಸೈಟುಗಳಲ್ಲಿ ಜನವರಿ 1ಕ್ಕೆ ತನ್ನಷ್ಟಕ್ಕೇ ಬದಲಾಗುತ್ತದೆ. ಒಳಗಿನ ದರ ಮೂರು ವರ್ಷ ಹಳೆಯದಿರಬಹುದು. ಮಳೆಗಾಲದಲ್ಲಿ ದ್ವೀಪಕ್ಕೆ ಬೋಟ್ ಇಲ್ಲ. ‘ಬೋಟ್ ಶುರುವಾಗಿದೆ’ ಎಂಬ ಸಾಲು ಯಾವಾಗಿನದೆಂದು ತಿಳಿಯದೆ ಜುಲೈಯಲ್ಲಿ ಬಂದವರು ಮಲ್ಪೆಯಿಂದಲೇ ವಾಪಸ್ ಹೋಗಬೇಕಾದೀತು.

ತಲೆಬರಹದ ಕೆಳಗೇ ‘ಕೊನೆಯ ಪರಿಷ್ಕರಣೆ: 4 ಅಕ್ಟೋಬರ್ 2025’ ಎಂಬಂತೆ ಹಾಕಿ. ತಿಂಗಳು ಅಕ್ಷರದಲ್ಲೇ ಇರಲಿ. 04/10 ಎಂದರೆ ಅಮೆರಿಕದವರು ಏಪ್ರಿಲ್ 10 ಎಂದು ಓದುತ್ತಾರೆ. ಪುಟ ಕೊನೆಗೆ ಬದಲಾದ ಸಮಯವನ್ನು ತಾನೇ ತೋರಿಸುವ ಜಾವಾಸ್ಕ್ರಿಪ್ಟ್ ಕೋಡಿನ ‘ಲಾಸ್ಟ್‌ಮಾಡಿಫೈಡ್’ ನಂಬಬೇಡಿ. ಸರ್ವರ್ ಆ ಮಾಹಿತಿ ಕಳಿಸದಿದ್ದರೆ ಬ್ರೌಸರ್ ಆ ಕ್ಷಣದ ಸಮಯವನ್ನೇ ತೋರಿಸುತ್ತದೆ, ಪುಟ ದಿನಾ ಹೊಸತೆಂಬ ಸುಳ್ಳು! ಸೈಟ್ ಕಟ್ಟಲು ಬಳಸುವ ವರ್ಡ್‌ಪ್ರೆಸ್ ತಂತ್ರಾಂಶದಲ್ಲೂ ತೊಡಕಿದೆ: ಒಂದು ಕಾಗುಣಿತ ತಿದ್ದಿ ‘ಅಪ್‌ಡೇಟ್’ ಒತ್ತಿದರೂ ಮಾರ್ಪಾಡಿನ ದಿನಾಂಕ ಬದಲಾಗುತ್ತದೆ. ಹಾಗಾಗಿ ದರ, ಸಮಯ ವಿಚಾರಿಸಿ ನೋಡಿದ ದಿನವನ್ನು ನೀವೇ ಟೈಪ್ ಮಾಡುವುದು ಲೇಸು. ಪಕ್ಕದಲ್ಲಿ ‘ಬೋಟ್ ದರ ಬದಲಾಗಿದೆ’ ಎಂದೊಂದು ಸಾಲು ಸಾಕು. ಸರ್ಚ್ ಎಂಜಿನ್‌ಗಳಿಗಾಗಿ ಸೈಟಿನ ಪುಟಗಳನ್ನು ಪಟ್ಟಿ ಮಾಡುವ ಸೈಟ್‌ಮ್ಯಾಪ್ ಕಡತದಲ್ಲಿ, ಪುಟ ಬದಲಾದ ದಿನ ಹೇಳುವ ‘ಲಾಸ್ಟ್‌ಮಾಡ್’ನಲ್ಲೂ ಅದೇ ದಿನಾಂಕ 2025-10-04 ಎಂಬ ಕ್ರಮದಲ್ಲಿರಲಿ.