ಎಸಿ ಬಿಲ್ ಮೂರು ಪಾಲು ಮಾಡುವ ಮೊದಲು 200 ಯೂನಿಟ್‌ನ ಗೆರೆ ನೋಡಿ

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ದೇರಳಕಟ್ಟೆಯಲ್ಲಿ ಮೂರು ಕೋಣೆಯ ಬಾಡಿಗೆ ಮನೆ, ಮೂವರು ಹುಡುಗರು, ಎಸಿ ಇರುವುದು ನಿಮ್ಮ ಕೋಣೆಗೆ ಮಾತ್ರ. ಮಾರ್ಚ್‌ವರೆಗೆ ಕರೆಂಟ್ ಬಿಲ್ ಸೊನ್ನೆ, ಏಪ್ರಿಲ್‌ನಲ್ಲಿ 290 ಯೂನಿಟ್ ಆಗಿ ಎರಡು ಸಾವಿರದ ಮೇಲೆ ಬಂತು. ಸಮ ಪಾಲು ಕೊಡುವುದಿಲ್ಲ ಎಂದು ಉಳಿದಿಬ್ಬರು ಕೂತಿದ್ದಾರೆ. ಎಸಿಗೆ ಹೋದ 175 ಯೂನಿಟ್‌ನ ದುಡ್ಡು ಮಾತ್ರ ನಾನು ಕೊಡುತ್ತೇನೆ, ಉಳಿದದ್ದು ಅವರು ಕೊಡಲಿ ಎನ್ನುತ್ತೀರಿ. ಮೇಲ್ನೋಟಕ್ಕೆ ಸರಿ ಅನಿಸುತ್ತದೆ. ಆದರೆ ಈ ಲೆಕ್ಕದಲ್ಲಿ ಅವರಿಗೆ ಅನ್ಯಾಯ ಆಗುತ್ತದೆ.

ಕಾರಣ ಗೃಹಜ್ಯೋತಿ, ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ. 2022-23ರ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿ ನಿಮ್ಮ ಮೀಟರಿಗೆ ಉಚಿತ ಯೂನಿಟ್ ನಿಗದಿ ಮಾಡಿರುತ್ತಾರೆ. ನೀವು ಹಾಕಿದ ಫೋಟೋ ಪ್ರಕಾರ ಅದು 120. ಅದನ್ನು ಮೀರಿ 200ರ ಒಳಗೆ ನಿಂತರೆ ಹೆಚ್ಚಾದ ಯೂನಿಟ್‌ಗಷ್ಟೇ ದುಡ್ಡು. 200 ದಾಟಿತೋ, ಆ ತಿಂಗಳು ಉಚಿತ ಅನ್ನುವುದೇ ಇಲ್ಲ, ಮೊದಲ ಯೂನಿಟ್‌ನಿಂದ ಕಟ್ಟಬೇಕು. ನಿಮ್ಮ ಮನೆಯ ಫ್ರಿಜ್, ಫ್ಯಾನ್, ಪಂಪು, ಲೈಟು ಎಲ್ಲ ಸೇರಿ ತಿಂಗಳಿಗೆ 115 ಯೂನಿಟ್. ಎಸಿ ಇಲ್ಲದಿದ್ದರೆ ಅವರಿಬ್ಬರ ಜೇಬಿನಿಂದ ಒಂದು ರೂಪಾಯಿಯೂ ಹೋಗುತ್ತಿರಲಿಲ್ಲ. ಹಾಗಾಗಿ ಏಪ್ರಿಲ್ ಬಿಲ್ ಪೂರ್ತಿ ನೀವೇ ಕಟ್ಟಿ. ಬೇಸರ ಮಾಡಿಕೊಳ್ಳಬೇಡಿ, ನಾಳೆಯಿಂದ ಅದನ್ನು ಕಾಲುಭಾಗಕ್ಕೆ ಇಳಿಸುವ ದಾರಿ ಇದೆ.

200ರಲ್ಲಿ 115 ಕಳೆದರೆ 85. ಅಂದರೆ ರಾತ್ರಿಗೆ ಸುಮಾರು ಎರಡೂಮುಕ್ಕಾಲು ಯೂನಿಟ್ ನಿಮ್ಮ ಪಾಲು. 75ಕ್ಕೆ ನಿಲ್ಲಿಸಿದರೆ ಒಟ್ಟು 190 ಆಗುತ್ತದೆ, 70 ಯೂನಿಟ್‌ಗೆ ಕಟ್ಟುತ್ತೀರಿ, ಸುಮಾರು ಐನೂರು ರೂಪಾಯಿ. ಈಗ ಕಟ್ಟುವ ಎರಡು ಸಾವಿರ ಎಲ್ಲಿ, ಐನೂರು ಎಲ್ಲಿ!

ಎಸಿಯನ್ನು 18 ಡಿಗ್ರಿಗೆ ಇಟ್ಟು ಎಂಟು ಗಂಟೆ ಓಡಿಸಿದರೆ ಇದು ಆಗದು. ಒಂದು ಟನ್ ಎಸಿ ಬಿಡುವಿಲ್ಲದೆ ಓಡಿದರೆ ಗಂಟೆಗೆ ಹತ್ತಿರ ಹತ್ತಿರ ಒಂದು ಯೂನಿಟ್ ತಿನ್ನುತ್ತದೆ, ನಮ್ಮ ಮಂಗಳೂರಿನ ಸೆಕೆಯಲ್ಲಿ 18 ಮುಟ್ಟುವುದೇ ಕಷ್ಟ, ಕಂಪ್ರೆಸರ್ ನಿಲ್ಲುವುದೇ ಇಲ್ಲ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6 ಉಳಿತಾಯ ಎನ್ನುವುದು ಎಸಿಗಳಿಗೆ ಸ್ಟಾರ್ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಬಿಇಇಯ ಲೆಕ್ಕ. 2020ರಿಂದ ಸ್ಟಾರ್ ಲೇಬಲ್ ಇರುವ ಹೊಸ ಎಸಿಗಳು ಆನ್ ಮಾಡಿದಾಗ ತಾನಾಗಿ 24ಕ್ಕೆ ಶುರುವಾಗುವುದೂ ಇದಕ್ಕೇ. ನಮಗೆ ಕರಾವಳಿಯವರಿಗೆ ಹಿಂಸೆ ಬಿಸಿಲಿಗಿಂತ ಬೆವರು ಆರದೇ ಇರುವುದು. ಆ ತೇವ ಹೋದರೆ 26ರಲ್ಲೂ ನಿದ್ದೆ ಬರುತ್ತದೆ. 26ಕ್ಕೆ ಇಡಿ, ಸೀಲಿಂಗ್ ಫ್ಯಾನ್ ಒಂದರಲ್ಲಿ ತಿರುಗಲಿ, ಬಾಗಿಲ ಅಡಿಯ ಸಂದಿಗೆ ಹಳೆ ಪಂಚೆ ಸುತ್ತಿಡಿ, ನಾಲ್ಕು ಗಂಟೆಗೆ ಟೈಮರ್ ಹಾಕಿ ಮಲಗಿ. ಫಿಲ್ಟರ್ ಹದಿನೈದು ದಿನಕ್ಕೊಮ್ಮೆ ನೀರಲ್ಲಿ ತೊಳೆಯಿರಿ.

ಜಗಳ ನಿಲ್ಲಬೇಕಾದರೆ ಎಸಿಯ ಯೂನಿಟ್ ಮಾತ್ರ ಬೇರೆಯಾಗಿ ಅಳೆಯುವ ಸಬ್ ಮೀಟರ್ ಬೇಕು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಂಗಲ್ ಫೇಸಿನದು ಸಾವಿರದೊಳಗೆ ಸಿಗುತ್ತದೆ. ಮನೆ ಮಾಲೀಕರಿಗೆ ಒಂದು ಮಾತು ಹೇಳಿ, ಎಲೆಕ್ಟ್ರಿಷಿಯನ್ ಕೈಯಲ್ಲೇ ಎಸಿ ಲೈನಿಗೆ ಹಾಕಿಸಿ. ಕೊಟ್ಟಾರದಲ್ಲಿ ನಾವು ನಾಲ್ವರು ಇದ್ದಾಗ ಇದನ್ನೇ ಮಾಡಿದ್ದು. ಮೀಟರ್ ಕೆಳಗೆ ದಾರ ಕಟ್ಟಿದ ಪುಸ್ತಕ, ಮೆಸ್ಕಾಂನವರು ರೀಡಿಂಗ್ ತೆಗೆದ ದಿನವೇ ನಾವೂ ಬರೆಯುತ್ತಿದ್ದೆವು. ಒಂದನೇ ತಾರೀಕಿಗೆ ಬರೆದರೆ ಬಿಲ್‌ಗೂ ಪುಸ್ತಕಕ್ಕೂ ತಾಳೆ ಆಗದು. ತಿಂಗಳ ನಡುವೆ ಇಡೀ ಮನೆಯ ದೊಡ್ಡ ಮೀಟರೂ ನೋಡುತ್ತಿರಿ. ಬೇಸಗೆಯಲ್ಲಿ ಅವರ ಫ್ಯಾನ್ ಹೆಚ್ಚು ತಿರುಗಿ 115 ಇದ್ದದ್ದು 130 ಆಗಬಹುದು. ಆಗ 200 ದಾಟಿದರೆ ತಪ್ಪು ನಿಮ್ಮೊಬ್ಬರದಲ್ಲ, ಅದನ್ನು ಈಗಲೇ ಮಾತಾಡಿಕೊಳ್ಳಿ. ಅವರು ನಿಮ್ಮ ಕೋಣೆಯಲ್ಲೇ ಚಾಪೆ ಹಾಸಿ ಮಲಗಿದರೆ ಆ ರಾತ್ರಿಯ ಯೂನಿಟ್ ಮೂರು ಪಾಲು. ನಾವು ಹಾಗೇ ಬರೆದಿಡುತ್ತಿದ್ದೆವು, ಯಾರಿಗೂ ಮುಜುಗರ ಆಗಲಿಲ್ಲ.

ಇನ್ನೊಂದು, ನಿಮ್ಮ ಫೋಟೋದಲ್ಲಿ ಕಂಡದ್ದು. ಎಸಿಯ ಹೊರಗಿನ ಪೆಟ್ಟಿಗೆ ಪಕ್ಕದ ಕೋಣೆಯ ಕಿಟಕಿಗೆ ನೇರ ಇದೆ. ನೀವು ತಣ್ಣಗೆ ಮಲಗಿದಾಗ ನಿಮ್ಮ ಕೋಣೆಯ ಬಿಸಿಯೆಲ್ಲ ಆ ಹುಡುಗನ ಮುಖಕ್ಕೆ ಹೊಡೆಯುತ್ತದೆ, ಅವನಿಗೆ ಇರುವುದು ಆ ಒಂದು ಕಿಟಕಿಯ ಗಾಳಿ. ಅವನು ಬಿಲ್ ವಿಷಯದಲ್ಲಿ ಅಷ್ಟು ಗಟ್ಟಿ ನಿಂತದ್ದು ಬಹುಶಃ ಇದಕ್ಕೇ. ಬ್ರ್ಯಾಕೆಟ್ ಬಿಚ್ಚಿ ಹಿಂದಿನ ಗೋಡೆಗೆ ಸರಿಸುವುದಾದರೆ ತಾಮ್ರದ ಪೈಪು ಎಷ್ಟು ಬೇಕು ಅಂತ ಎಸಿ ಮೆಕ್ಯಾನಿಕ್ ಹತ್ತಿರ ಕೇಳಿ, ಆ ಖರ್ಚಿನ ಬಗ್ಗೆ ಮಾಲೀಕರ ಹತ್ತಿರ ಮಾತಾಡಿ. ಆಗದಿದ್ದರೆ ಗಾಳಿಯನ್ನು ಮೇಲಕ್ಕೆ ತಿರುಗಿಸುವ ತಗಡನ್ನಾದರೂ ಹಾಕಿಸಿ, ಬಿಸಿ ಗಾಳಿ ತಿರುಗಿ ಪೆಟ್ಟಿಗೆಗೇ ಬಾರದಷ್ಟು ಜಾಗ ಬಿಡಲಿ. ಬಿಲ್ ಮಾತು ಎತ್ತುವ ಮೊದಲು ಅವನ ಹತ್ತಿರ ಈ ಮಾತು ಆಡಿ.