ಎತ್ತರದ ಗಾಡಿ, ಗಿಡ್ಡ ಜ್ಯಾಕ್

ಪ್ರಶ್ನೆ: ನಮ್ಮದು ಬೊಲೆರೊ. 2 ಟನ್ನಿನ ಸಣ್ಣ ಟ್ರಾಲಿ ಜ್ಯಾಕ್ (ಗಾಲಿಯ ಮೇಲೆ ಉರುಳುವ ಜ್ಯಾಕ್) ಪೂರ್ತಿ ಎತ್ತಿದರೆ 33 ಸೆಂ.ಮೀ. ಏಳುತ್ತದೆ. ಹಿಂಬದಿ ಚಾಸಿಗೆ (ಬಾಡಿ ಹೊರುವ ಉಕ್ಕಿನ ಚೌಕಟ್ಟಿಗೆ) ಕೊಟ್ಟರೆ ಬಾಡಿ ಏಳುತ್ತದೆ, ಚಕ್ರ ನೆಲ ಬಿಡುವುದಿಲ್ಲ. ಜ್ಯಾಕಿನಡಿ ಸಿಮೆಂಟ್ ಇಟ್ಟಿಗೆ ಇಡಬಹುದೇ?
– ಓದುಗರು, ಸಾಗರ

ಉತ್ತರ: ಇಟ್ಟಿಗೆ ಬೇಡವೇ ಬೇಡ. ಅದು ಸುಳಿವು ಕೊಡದೆ ಒಮ್ಮೆಲೇ ಪುಡಿಯಾಗುತ್ತದೆ. ನಿಮ್ಮ ಜ್ಯಾಕಿಗೆ ಶಕ್ತಿ ಸಾಲದೆಂದಲ್ಲ. ಖಾಲಿ ಗಾಡಿಯ ಒಂದು ಮೂಲೆಯ ಭಾರ ಸುಮಾರು ಅರ್ಧ ಟನ್. ಕೊಟ್ಟ ಜಾಗ ತಪ್ಪು. ಚಾಸಿ ಮೇಲೇಳುತ್ತಿದ್ದಂತೆ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಸಡಿಲಾಗಿ ಚಕ್ರವನ್ನು ಕೆಳಕ್ಕೇ ಬಿಡುತ್ತದೆ, ಜ್ಯಾಕಿನ ದುಡಿಮೆ ಅಲ್ಲೇ ಖರ್ಚಾಗುತ್ತದೆ.

ಎರಡೂ ಹಿಂಚಕ್ರಗಳ ನಡುವಿನ ಆಕ್ಸಲ್ ಕೊಳವೆಗೆ, ಚಕ್ರದ ಹತ್ತಿರ ಕೊಡಿ. ಅದರ ನಡುವಿನ ದುಂಡನೆ ಡಿಫರೆನ್ಷಿಯಲ್ ಪೆಟ್ಟಿಗೆಗೆ (ಎರಡೂ ಚಕ್ರಗಳಿಗೆ ತಿರುಗುವ ಬಲ ಹಂಚುವ ಗೇರುಗಳಿರುವ ಭಾಗ) ಬೇಡ. ಬ್ರೇಕ್ ಪೈಪ್ ನಡುವೆ ಸಿಕ್ಕಿಕೊಳ್ಳದಿರಲಿ. ಮೊದಲು ಟೇಪು ಹಿಡಿದು ಅಳೆಯಿರಿ. ಕೊಳವೆಯ ತಳ ನೆಲದಿಂದ 30 ಸೆಂ.ಮೀ. ಇದ್ದರೆ ನಿಮಗೆ ದಕ್ಕುವುದು ಮೂರೇ ಸೆಂ.ಮೀ. ಪಂಕ್ಚರ್ ಚಕ್ರ ಬಿಚ್ಚಲು ಅದು ಸಾಕಾದೀತು, ಗಾಳಿ ತುಂಬಿದ ಸ್ಟೆಪ್ನಿ ಕೂರುವುದಿಲ್ಲ.

ಅದಕ್ಕೆ ಜ್ಯಾಕಿನ ಬುಡದಲ್ಲಿ ಹಲಗೆ ಹಾಕಿ. ಅದರ ತಲೆಯ ಮೇಲೆ ಮರದ ತುಂಡು ಪೇರಿಸಬೇಡಿ. 18 ಮಿ.ಮೀ. ಪ್ಲೈವುಡ್‌ನ ಮೂರು ಪದರ, 30 ಸೆಂ.ಮೀ. ಅಗಲ, 75 ಸೆಂ.ಮೀ. ಉದ್ದ, ಅಂಟು ಹಚ್ಚಿ ಸ್ಕ್ರೂ ಬಿಗಿದರೆ ಸುಮಾರು ಐದೂವರೆ ಸೆಂ.ಮೀ. ಸಿಕ್ಕಿತು. ಅಷ್ಟುದ್ದ ಏಕೆಂದರೆ, ಜ್ಯಾಕಿನ ತೋಳು ಕಮಾನಿನಂತೆ ಏಳುವಾಗ ಜ್ಯಾಕ್ ಉರುಳಿ ಗಾಡಿಯಡಿ ಸರಿಯಬೇಕು. ಉರುಳದಿದ್ದರೆ ಗಾಡಿಯನ್ನೇ ಎಳೆಯುತ್ತದೆ, ಇಲ್ಲವೇ ತಲೆ ಜಾರುತ್ತದೆ. ಮಲೆನಾಡಿನ ಮೆತ್ತನೆ ಮಣ್ಣಿನಲ್ಲಿ ಆಗುವುದು ಇದೇ. ಹಲಗೆಯ ಎರಡೂ ತುದಿಗೆ ರೀಪು ಹೊಡೆದರೆ ಜ್ಯಾಕ್ ಆಚೆ ಬೀಳದು.

ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಎರಡೂ ಮುಂಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಡಿ. ಗೇರಿನಲ್ಲಿಟ್ಟರೆ ಸಾಕು ಎನ್ನುವವರಿದ್ದಾರೆ. ಒಂದು ಹಿಂಚಕ್ರ ನೆಲ ಬಿಟ್ಟೊಡನೆ ಡಿಫರೆನ್ಷಿಯಲ್ ಅದನ್ನು ಸುಮ್ಮನೆ ತಿರುಗಲು ಬಿಡುತ್ತದೆ, ಗೇರಿನ ಹಿಡಿತ ಅಲ್ಲಿಗೆ ಮುಗಿಯಿತು. ಗಾಡಿಯಡಿ ತಲೆ ಹಾಕುವ ಕೆಲಸವಿದ್ದರೆ ಆಕ್ಸಲ್‌ಗೆ ಜ್ಯಾಕ್ ಸ್ಟ್ಯಾಂಡ್ (ಭಾರ ಹೊರುವ ಉಕ್ಕಿನ ಕಾಲು) ಕೊಟ್ಟು, ಭಾರ ಅದರ ಮೇಲೆ ಇಳಿಸಿ, ಅಲುಗಾಡದೆ ನಿಂತಿದೆಯೇ ಎಂದು ಬಾಡಿಯನ್ನು ಪಕ್ಕದಿಂದ ತಳ್ಳಿ ನೋಡಿ.

ಪ್ರಶ್ನೆ: ಜ್ಯಾಕ್ ಅರ್ಧಕ್ಕೇ ನಿಲ್ಲುತ್ತದೆ, ಹಿಡಿ ಮೆತ್ತಗಾಗುತ್ತದೆ.

ಉತ್ತರ: ಒಳಗೆ ಗಾಳಿ ಸೇರಿದೆ, ಇಲ್ಲವೇ ಆಯಿಲ್ ಕಮ್ಮಿ. ಭಾರವಿಲ್ಲದೆ, ರಿಲೀಸ್ ವಾಲ್ವ್ (ಜ್ಯಾಕ್ ಇಳಿಸಲು ತಿರುಗಿಸುವ ವಾಲ್ವ್) ಸಡಿಲಿಸಿಟ್ಟು ಹತ್ತು ಹದಿನೈದು ಸಲ ಪಂಪ್ ಮಾಡಿ. ಸರಿಹೋಗದಿದ್ದರೆ ತೋಳು ಪೂರ್ತಿ ಇಳಿಸಿ ಜ್ಯಾಕ್ ಆಯಿಲ್ ತುಂಬಿಸಿ. ಬ್ರೇಕ್ ಆಯಿಲ್ ಹಾಕಿದರೆ ಸೀಲುಗಳು ಊದಿ ಹಾಳಾಗುತ್ತವೆ.