‘ಹೋಲ್ಡ್ ಆನ್’ ಎಂದರೆ ಇರಿ ಎಂದೋ, ಹಿಡಿದುಕೊಳ್ಳಿ ಎಂದೋ?

ಪ್ರಶ್ನೆ: ಕಚೇರಿಗೆ ಬರುವ ಫೋನ್ ಎತ್ತುವ ಕೆಲಸ ನನ್ನದು. ಸಾಹೇಬರನ್ನು ಕೇಳಿ ಬಂದು ಹೇಳಬೇಕಾದಾಗ ‘ಹೋಲ್ಡ್ ಆನ್’ ಎನ್ನುತ್ತೇನೆ. ಅದು ಒರಟು ಎಂದು ಜೊತೆಯವರು ಹೇಳುತ್ತಾರೆ. ಷೇರು ಸುದ್ದಿಯಲ್ಲಿ ‘ಹೋಲ್ಡ್ ಆನ್ ಟು’ ಎಂದು ಓದಿದೆ. ಎರಡೂ ಒಂದೇನಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡೂ ಒಂದೇ ಅಲ್ಲ. ವ್ಯತ್ಯಾಸವೆಲ್ಲ ಆ ಪುಟ್ಟ ‘ಟು’ವಿನಲ್ಲಿದೆ. ಬರೀ ‘ಹೋಲ್ಡ್ ಆನ್’ ಎಂದರೆ ‘ಇರಿ’, ‘ತಡೀರಿ’. ‘ಟು’ ಸೇರಿಸಿ ಮುಂದೆ ವಸ್ತುವಿನ ಹೆಸರು ಹೇಳಿದರೆ ಬಿಡದೆ ಇಟ್ಟುಕೊಳ್ಳುವುದು. ‘ಹೋಲ್ಡ್ ಆನ್ ಟು ಯುವರ್ ಶೇರ್ಸ್’ ಎಂದರೆ ಷೇರು ಮಾರಬೇಡಿ. ‘ಹೋಲ್ಡ್ ಆನ್ ಟು ದ ರೇಲ್’ ಎಂದರೆ ಕಂಬಿ ಗಟ್ಟಿಯಾಗಿ ಹಿಡಿದುಕೊಳ್ಳಿ. ಕಾಯಿರಿ ಎನ್ನುವಾಗ ‘ಹೋಲ್ಡ್ ಆನ್ ಮಿ’ ಎನ್ನುವವರಿದ್ದಾರೆ. ಆ ಅರ್ಥದಲ್ಲಿ ಈ ಕ್ರಿಯಾಪದಕ್ಕೆ ಕರ್ಮವೇ ಇಲ್ಲ, ಆದ್ದರಿಂದ ಅದು ತಪ್ಪು.

ಮೂರನೆಯ ಅರ್ಥವೂ ಒಂದಿದೆ: ಕಷ್ಟದಲ್ಲಿ ಕೈಬಿಡದೆ ನಿಲ್ಲುವುದು. ನೆರವು ಬರುವ ತನಕ ‘ಹೋಲ್ಡ್ ಆನ್’ ಎಂದರೆ ಧೈರ್ಯಗೆಡಬೇಡಿ, ತಡೆದುಕೊಳ್ಳಿ. ಕನ್ನಡಿಗರಿಗೆ ಇದೇನೂ ಹೊಸದಲ್ಲ. ನಮ್ಮ ‘ತಾಳು’ ಇದೇ ದಾರಿಯಲ್ಲಿ ನಡೆದಿದೆ: ‘ಸ್ವಲ್ಪ ತಾಳಿ’ ಎಂದರೆ ಕಾಯುವುದು, ‘ನೋವು ತಾಳು’ ಎಂದರೆ ಸಹಿಸುವುದು, ‘ಮೌನ ತಾಳು’, ‘ರೂಪ ತಾಳು’ ಎಂಬಲ್ಲಿ ಧರಿಸುವುದು. ನಿಘಂಟಿನ ಪಟ್ಟಿ ಉರು ಹೊಡೆಯುವ ಬದಲು ‘ತಾಳು’ ನೆನಪಿಟ್ಟುಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು.

ಇನ್ನು ಒರಟುತನದ ಮಾತು. ಗೆಳೆಯರ ನಡುವೆ ಬರೀ ‘ಹೋಲ್ಡ್ ಆನ್’ ಸರಿ. ಗ್ರಾಹಕರಿಗೆ ಅದನ್ನೇ ಅಂದರೆ ‘ತಡಿ’ ಎಂದು ಏಕವಚನದಲ್ಲಿ ಅಂದಂತೆ ಕೇಳಿಸುತ್ತದೆ. ಕೊನೆಗೊಂದು ‘ಪ್ಲೀಸ್’ ಅಂಟಿಸಿದರೂ ಅದು ಆಜ್ಞೆಯೇ. ‘ಕುಡ್ ಯು ಹೋಲ್ಡ್ ಆನ್ ಎ ಮೊಮೆಂಟ್, ಪ್ಲೀಸ್?’ ಎಂದು ಪ್ರಶ್ನೆಯಾಗಿ ಕೇಳಿ, ಅವರು ಹೂಂ ಎನ್ನುವವರೆಗೆ ನಿಲ್ಲಿ, ಆಮೇಲೆ ರಿಸೀವರ್ ಪಕ್ಕಕ್ಕಿಡಿ. ಬಹಳ ಜನ ಎಡವುವುದು ಈ ಕೊನೆಯ ಹೆಜ್ಜೆಯಲ್ಲೇ. ಕೆಲಸಕ್ಕೆ ಐದು ನಿಮಿಷ ಹಿಡಿಯುವುದಾದರೆ ಕಾಯಿಸಬೇಡಿ, ನಾನೇ ಫೋನ್ ಮಾಡುತ್ತೇನೆ ಎನ್ನಿ. ‘ಹ್ಯಾಂಗ್ ಆನ್’ ಕೂಡ ಇರಿ ಎಂದೇ, ಆದರೆ ಇನ್ನೂ ಸಲುಗೆಯದು. ಅದರ ಪಕ್ಕದ ‘ಹ್ಯಾಂಗ್ ಅಪ್’ ಎಂದರೆ ಫೋನ್ ಇಟ್ಟುಬಿಡುವುದು. ಅವಸರದಲ್ಲಿ ಬಾಯಿ ತಪ್ಪಿದರೆ ಗ್ರಾಹಕರು ಹೋದಂತೆಯೇ!

ಧ್ವನಿ ಬದಲಾದರೆ ಅರ್ಥವೂ ಬದಲು. ಮಾತಿನ ನಡುವೆ ಚುರುಕಾಗಿ ‘ಹೋಲ್ಡ್ ಆನ್!’ ಎಂದರೆ ಅದು ಆಕ್ಷೇಪ: ‘ಇರಿ ಇರಿ, ನಿನ್ನೆ ಬೇರೆ ಹೇಳಿದ್ದಿರಲ್ಲ?’

ಬರವಣಿಗೆಯಲ್ಲಿ, ಅರ್ಜಿಯೋ ಯೋಜನೆಯೋ ನಿಂತಿದ್ದರೆ ‘ಆನ್ ಹೋಲ್ಡ್’ ಎಂದು ಬರೆಯಬೇಕು. ನಮ್ಮ ಕಚೇರಿಗಳಲ್ಲಿ ಓಡಾಡುವ ‘ಇನ್ ಹೋಲ್ಡ್’ ತಪ್ಪು. ದಾರಿಯಲ್ಲಿ ತಡವಾಯಿತು ಎನ್ನಲು ‘ಐ ವಾಸ್ ಹೆಲ್ಡ್ ಅಪ್’ ಸಾಕು. ಆದರೆ ‘ಹೋಲ್ಡ್ ಅಪ್’ಗೆ ಆಯುಧ ತೋರಿಸಿ ದೋಚುವುದು ಎಂಬ ಅರ್ಥವೂ ಇದೆ. ಹಾಗಾಗಿ ಬ್ಯಾಂಕಿನಿಂದ ಬರುವಾಗ ತಡವಾದರೆ ‘ಇನ್ ಟ್ರಾಫಿಕ್’ ಎಂದು ಸೇರಿಸುವುದು ಕ್ಷೇಮ.

ಉಚ್ಚರಿಸುವಾಗ ಒತ್ತು ‘ಆನ್’ ಮೇಲೆ ಬೀಳಲಿ. ವೇಗದ ಮಾತಿನಲ್ಲಿ ಎರಡೂ ಪದ ಕೂಡಿ ‘ಹೋಲ್ಡಾನ್’ ಎಂದು ಒಂದೇ ಪದದಂತೆ ಕೇಳಿಸುತ್ತದೆ.